ಡೆಟ್‌ಫರ್ಡಿನ ತೋಟದಲ್ಲಿ ಮಕ್ಕಳು

ಮಕ್ಕಳು ಬಯಲಲ್ಲಿ ಆಡುವುದೆಂದರೆ, ಪಾಠ ಮುಗಿದ ಮೇಲೆ, ಮಳೆಯಿಲ್ಲದಿದ್ದರೆ, ಬಿಸಿಲು ಏರದಿದ್ದರೆ, ಹಿರಿಯರು ದಯಪಾಲಿಸುವ ಸವಲತ್ತು ಎಂದೇ ನಮ್ಮಲ್ಲಿ ಬಹುಮಂದಿಯ ಭಾವನೆ. ಈ ಆಟ ಮಗುವಿನ ಎಲುಬಿಗೂ ಉಸಿರಿಗೂ ಸಂಬಂಧಿಸಿದ್ದೆಂದು ತೋರಿಸಿಕೊಟ್ಟ ಇಬ್ಬರು ಸೋದರಿಯರ ವಿಚಾರವನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ರೇಚಲ್ ಮ್ಯಾಕ್‌ಮಿಲನ್ ಹುಟ್ಟಿದ್ದು 1859ರಲ್ಲಿ, ಮಾರ್ಗರೆಟ್ 1860ರಲ್ಲಿ. ಸ್ಕಾಟ್‌ಲೆಂಡ್ ಮೂಲದ ಕುಟುಂಬ, ಜನ್ಮ ಅಮೆರಿಕದಲ್ಲಿ, ಬಾಳು ಸವೆಸಿದ್ದು ಇಂಗ್ಲೆಂಡಿನ ಕಾರ್ಮಿಕರ ನಡುವೆ. ಉಣ್ಣೆಗಿರಣಿಗಳ ಊರಾದ ಬ್ರಾಡ್‌ಫರ್ಡಿನ ಶಾಲಾಮಂಡಲಿಗೆ ಮಾರ್ಗರೆಟ್ 1894ರಲ್ಲಿ ಚುನಾಯಿತರಾದರು. ಹಸಿದ, ರೋಗಗ್ರಸ್ತವಾದ ಮಗುವಿಗೆ ಅಕ್ಷರ ಹತ್ತದೆಂಬುದು ಅಲ್ಲಿ ಅವರಿಗೆ ಮನವರಿಕೆಯಾಯಿತು.

1910ರಲ್ಲಿ ಸೋದರಿಯರು ಲಂಡನ್ನಿನ ಬಡ ಬಡಾವಣೆಯಾದ ಡೆಟ್‌ಫರ್ಡಿನಲ್ಲಿ ಶಾಲಾಮಕ್ಕಳಿಗೊಂದು ಚಿಕಿತ್ಸಾಲಯ ತೆರೆದರು. ಆದರೆ ಗುಣವಾಗಿ ಮನೆಗೆ ಹೋದ ಮಗು ಅದೇ ರೋಗ ಹೊತ್ತು ಮರಳಿ ಬರುತ್ತಿತ್ತು. ಮದ್ದಿನಲ್ಲಿ ದೋಷವಿರಲಿಲ್ಲ, ಗಾಳಿಬೆಳಕಿಲ್ಲದ ಇಕ್ಕಟ್ಟಿನ ಕೋಣೆಗಳೇ ರೋಗದ ತವರಾಗಿದ್ದವು. ಅದಕ್ಕಾಗಿ 1911ರಲ್ಲಿ ಹುಡುಗಿಯರು ರಾತ್ರಿ ಬಯಲಲ್ಲಿ ಮಲಗುವ ಶಿಬಿರವನ್ನೂ, 1914ರಲ್ಲಿ ಎಳೆಯ ಮಕ್ಕಳಿಗೆ ತೆರೆದ ಬಯಲಿನ ಶಿಶುಶಾಲೆಯನ್ನೂ ಆರಂಭಿಸಿದರು.

ಆ ಶಾಲೆಯಲ್ಲಿ ತೋಟವೇ ಪ್ರಧಾನ, ಕಟ್ಟಡ ಗೌಣ. ತೋಟದತ್ತ ತೆರೆದ ಸರಳವಾದ ಚಾವಡಿಗಳು. ಹವೆ ಹಿತವಾಗಿದ್ದಾಗ ದಿನವಿಡೀ ಹೊರಗೆ, ಮಳೆ-ಹಿಮಗಳ ದಿನ ಮಾತ್ರ ಮಾಡಿನ ಆಸರೆ. ಮರ, ಹೂವಿನ ಪಾತಿ, ತರಕಾರಿ, ಮುಟ್ಟಿದರೆ ಕೈಗೆ ಪರಿಮಳ ಹತ್ತುವ ಗಿಡಮೂಲಿಕೆಗಳು. ಋತು ಬದಲಾದಂತೆ ಮಗುವಿನ ಪಾಠವೂ ಬದಲಾಗುತ್ತಿತ್ತು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಮತ್ತೊಂದು: ಕಲ್ಲು, ಹಳೆಯ ಡಬ್ಬಿ, ಕಬ್ಬಿಣದ ಚೂರುಗಳ ಒಂದು ಗುಡ್ಡೆಗೂ ಆ ತೋಟದಲ್ಲಿ ಸ್ಥಳವಿರಬೇಕೆಂದು ಮಾರ್ಗರೆಟ್ ಬಯಸಿದ್ದರು. ಅಚ್ಚುಕಟ್ಟಾದ ಆಟಿಕೆಗಿಂತ ಮಗುವಿನ ಕೈಗೆ ಕೆಲಸ ಕೊಡುವುದು ಇಂಥ ಅಸ್ತವ್ಯಸ್ತವೇ ಎಂಬುದನ್ನು ಆಕೆ ಬಲ್ಲರು.

ಆ ಕಾಲದ ಬಡ ಮಕ್ಕಳನ್ನು ಕಾಡುತ್ತಿದ್ದುದು ಎಲುಬು ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್. ಅತಿನೇರಳೆ ಕಿರಣಗಳಿಂದ ಅದು ವಾಸಿಯಾಗುವುದೆಂದು ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್‌ಸ್ಕಿ ತೋರಿಸಿದ್ದು 1919ರಲ್ಲಿ. ಶಾಸ್ತ್ರ ಕಾರಣವನ್ನು ಹೇಳುವ ಮುನ್ನವೇ ಡೆಟ್‌ಫರ್ಡಿನ ಮಕ್ಕಳು ಬಿಸಿಲಿನಲ್ಲಿ ಆಡುತ್ತಿದ್ದರು.

ರೇಚಲ್ 1917ರಲ್ಲಿ ತೀರಿಕೊಂಡರು. ಮಾರ್ಗರೆಟ್ ಅಕ್ಕನ ಹೆಸರನ್ನೇ ಶಾಲೆಗೆ ಇಟ್ಟು, 1931ರಲ್ಲಿ ತಾವು ಕಣ್ಮುಚ್ಚುವವರೆಗೂ ದುಡಿದರು. ಶಿಶುಶಾಲೆಗಳಿಗೆ ಸ್ಥಳೀಯ ಸಂಸ್ಥೆಗಳು ನೆರವಾಗಬಹುದೆಂದು 1918ರ ಬ್ರಿಟಿಷ್ ಶಿಕ್ಷಣ ಕಾಯಿದೆ ಹೇಳಿತು. ಆದರೆ ‘ಆಗಬಹುದು’ ಎಂಬ ಕಾನೂನು ‘ಆಗಲೇಬೇಕು’ ಎಂಬ ಕಾನೂನಲ್ಲವಷ್ಟೆ.

ಸಿರಿವಂತರ ಮಗುವಿಗೆ ಹುಟ್ಟಿನಿಂದ ದೊರೆಯುವ ತೋಟ ಬಡವರ ಮಗುವಿಗೂ ಸಲ್ಲಬೇಕೆಂಬುದು ಈ ಸೋದರಿಯರ ವಾದ. ಶಿಶುವಿಹಾರಕ್ಕೆ ಕೋಣೆಗಳನ್ನು ಎಣಿಸಿ ಅನುಮತಿ ಕೊಡುವವರು ಅದರ ಅಂಗಳವನ್ನೂ ಅಳೆದು ನೋಡುವುದು ಒಳಿತೆಂದು ನನಗೆ ತೋರುತ್ತದೆ.