ಒಡೆಯನಿದ್ದ ಆಟದ ಆರು ಫೈನಲ್‌ಗಳು

2018ರ ಜುಲೈ 27ರ ಸಂಜೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಬಾರ್ಕ್ಲೇಸ್ ಸೆಂಟರಿನಲ್ಲಿ ಸಾವಿರಾರು ಜನ ಸೇರಿದ್ದರು. ಅದು ಬ್ಯಾಸ್ಕೆಟ್‌ಬಾಲ್ ಆಡುವ ಕ್ರೀಡಾಂಗಣ. ಅಂದು ಮಾತ್ರ ಅಂಗಳದಲ್ಲಿ ವೇದಿಕೆ ಕಟ್ಟಿ, ಅದರ ಮೇಲೆ ಎರಡು ಸಾಲು ಕಂಪ್ಯೂಟರುಗಳನ್ನು ಇಟ್ಟಿದ್ದರು. ಒಂದೊಂದು ಸಾಲಿನಲ್ಲಿ ಆರು ಮಂದಿ ಯುವಕರು ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಒಂದು ತಂಡದ ಹೆಸರು ಲಂಡನ್ ಸ್ಪಿಟ್‌ಫೈರ್, ಇನ್ನೊಂದರದು ಫಿಲಡೆಲ್ಫಿಯಾ ಫ್ಯೂಷನ್. ಲಂಡನ್ ಪರ ಆಡುತ್ತಿದ್ದ ಆರೂ ಜನ ದಕ್ಷಿಣ ಕೊರಿಯಾದವರು. ಫಿಲಡೆಲ್ಫಿಯಾದ ಆಟಗಾರರು ಕೊರಿಯಾ, ಫ್ರಾನ್ಸ್, ಸ್ಪೇನ್, ಇಸ್ರೇಲ್ ಮತ್ತು ಬ್ರಿಟನ್ನಿನಿಂದ ಬಂದವರು. ಅಂದರೆ ಅಲ್ಲಿದ್ದ ಬ್ರಿಟನ್ನಿನ ಹುಡುಗ ಆಡುತ್ತಿದ್ದದ್ದು ಲಂಡನ್ ವಿರುದ್ಧ. ಎರಡೂ ತಂಡಗಳು ಅಲ್ಲಿಯತನಕ ವರ್ಷವಿಡೀ ಆಡಿದ್ದು ಕ್ಯಾಲಿಫೋರ್ನಿಯಾದ ಒಂದು ಸ್ಟುಡಿಯೊದಲ್ಲಿ.

ಓವರ್‌ವಾಚ್ ಲೀಗಿನ ಮೊದಲ ಫೈನಲ್ ಅದು. ಇ-ಸ್ಪೋರ್ಟ್ಸ್ ಪಂದ್ಯವೊಂದನ್ನು ಅಮೆರಿಕದ ಇಎಸ್‌ಪಿಎನ್ ವಾಹಿನಿ ಸಂಜೆಯ ಪ್ರಮುಖ ಹೊತ್ತಿನಲ್ಲಿ ನೇರ ಪ್ರಸಾರ ಮಾಡಿದ್ದು ಅದೇ ಮೊದಲು. ಲಂಡನ್ ಮೊದಲ ದಿನ 3-1ರಿಂದ, ಮರುದಿನ 3-0ಯಿಂದ ಗೆದ್ದು 10 ಲಕ್ಷ ಡಾಲರ್ ಬಹುಮಾನ ಪಡೆಯಿತು. ಆಮೇಲೆ ಇಂಥ ಇನ್ನೂ ಐದು ಫೈನಲ್‌ಗಳು ನಡೆದವು. 2023ರಲ್ಲಿ ಲೀಗ್ ಮುಚ್ಚಿತು. ಮುಗಿದುಹೋದ ಕತೆಯಾದ್ದರಿಂದ ಈಗ ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಹುದು.

ಓವರ್‌ವಾಚ್ 2016ರ ಮೇ ತಿಂಗಳಲ್ಲಿ ಬಿಡುಗಡೆಯಾದ ಕಂಪ್ಯೂಟರ್ ಆಟ. ಆರು ಜನರ ಎರಡು ತಂಡಗಳು. ಪ್ರತಿ ಆಟಗಾರನಿಗೂ ಒಂದು ಪಾತ್ರ. ಕೆಲವರು ಗುರಾಣಿಯಂತೆ ಮುಂದೆ ನಿಲ್ಲುತ್ತಾರೆ, ಕೆಲವರು ಹೊಡೆಯುತ್ತಾರೆ, ಕೆಲವರು ಗಾಯಗೊಂಡವರನ್ನು ಚೇತರಿಸುತ್ತಾರೆ. ಆಯಕಟ್ಟಿನ ಜಾಗವೊಂದನ್ನು ಹಿಡಿಯುವುದು ಅಥವಾ ಗಾಡಿಯೊಂದನ್ನು ಗುರಿ ಮುಟ್ಟಿಸುವುದು ಗೆಲುವಿನ ದಾರಿ. ಇದನ್ನು ಮಾಡಿದ್ದು ಕ್ಯಾಲಿಫೋರ್ನಿಯಾದ ಬ್ಲಿಜರ್ಡ್ ಕಂಪನಿ. ಲೀಗನ್ನು ಕಟ್ಟಿದ್ದೂ ಅದೇ. ಆಟದ ನಿಯಮ, ಪಾತ್ರಗಳ ಬಲಾಬಲ, ಆಟ ನಡೆಯುವ ಸರ್ವರ್, ವೇಳಾಪಟ್ಟಿ, ಟ್ರೋಫಿ ಎಲ್ಲಕ್ಕೂ ಒಡೆಯ ಒಬ್ಬನೇ. ಈ ಸಂಗತಿಯನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಬ್ಲಿಜರ್ಡ್ ಹೊಸದಾಗಿ ತಂದದ್ದು ಊರಿನ ಹೆಸರನ್ನು. ಇ-ಸ್ಪೋರ್ಟ್ಸ್ ತಂಡಗಳಿಗೆ ಅದುವರೆಗೆ ಸಾಮಾನ್ಯವಾಗಿ ಪ್ರಾಯೋಜಕರ ಹೆಸರೋ ಕ್ಲಬ್ಬಿನ ಹೆಸರೋ ಇರುತ್ತಿತ್ತು. ಅಮೆರಿಕದ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಲೀಗುಗಳ ಮಾದರಿಯಲ್ಲಿ ಇಲ್ಲಿ ನಗರಗಳನ್ನು ಮಾರಲಾಯಿತು. ವರದಿಗಳ ಪ್ರಕಾರ ಮೊದಲ ವರ್ಷ ಒಂದು ತಂಡದ ಬೆಲೆ 2 ಕೋಟಿ ಡಾಲರ್. ಐಪಿಎಲ್ ನೋಡಿದ ನಮಗೆ ಈ ಏರ್ಪಾಡು ಹೊಸದಲ್ಲ. ಅಮೆರಿಕದ ಹಳೆಯ ಕ್ರೀಡಾ ತಂಡಗಳ ಒಡೆಯರೇ ಹಲವು ನಗರಗಳನ್ನು ಕೊಂಡರು. ಆಟಗಾರರಿಗೆ ವರ್ಷಕ್ಕೆ ಕನಿಷ್ಠ 50,000 ಡಾಲರ್ ಸಂಬಳ, ಆರೋಗ್ಯ ವಿಮೆ ನಿಗದಿಯಾಯಿತು. ಕೋಣೆಯಲ್ಲಿ ಕುಳಿತು ಆಡುತ್ತಿದ್ದ ಹುಡುಗರಿಗೆ ಅದು ದೊಡ್ಡ ಮಾತೇ ಆಗಿತ್ತು. 2018ರ ಜನವರಿ 10ರಂದು 12 ತಂಡಗಳ ಲೀಗ್ ಶುರುವಾಯಿತು. ಜಾನಿ ಕಾರ್ಸನ್ ತನ್ನ ಪ್ರಸಿದ್ಧ ಟಿವಿ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದ ಬರ್ಬ್ಯಾಂಕಿನ ಸ್ಟುಡಿಯೊವೇ ಎಲ್ಲ ಊರುಗಳಿಗೂ ತವರು ಮೈದಾನ.

ಅಮೆರಿಕದಿಂದ ಬಂದ ಇನ್ನೊಂದು ಪದ್ಧತಿ ಪ್ಲೇಆಫ್. ಯುರೋಪಿನ ಫುಟ್‌ಬಾಲ್ ಲೀಗುಗಳಲ್ಲಿ ವರ್ಷದ ಕೊನೆಗೆ ಪಟ್ಟಿಯ ಮೇಲ್ತುದಿಯಲ್ಲಿದ್ದವರೇ ಚಾಂಪಿಯನ್. ಅಮೆರಿಕನ್ನರಿಗೆ ಅದು ಸಾಲದು. ಸೀಸನ್ ಮುಗಿದ ಮೇಲೆ ಮುಂಚೂಣಿಯ ಕೆಲವು ತಂಡಗಳು ಮತ್ತೆ ಎದುರಾಗಬೇಕು. ವರ್ಷವಿಡೀ ಕೂಡಿಟ್ಟದ್ದನ್ನು ಒಂದೇ ವಾರದಲ್ಲಿ ಪಣಕ್ಕಿಡಬೇಕು. ಮೊದಲ ವರ್ಷವೇ ಇದರ ರುಚಿ ಗೊತ್ತಾಯಿತು. ನ್ಯೂಯಾರ್ಕ್ ಎಕ್ಸೆಲ್ಸಿಯರ್ 40 ಪಂದ್ಯಗಳಲ್ಲಿ 34 ಗೆದ್ದು ಪಟ್ಟಿಯ ಮೊದಲಲ್ಲಿತ್ತು. ಫೈನಲ್ ನಡೆಯುವುದೂ ಅದರ ಊರಿನಲ್ಲೇ. ಸೆಮಿಫೈನಲ್‌ನಲ್ಲಿ ಆರನೆಯ ಸ್ಥಾನದ ಫಿಲಡೆಲ್ಫಿಯಾ ಅದನ್ನು ಸೋಲಿಸಿತು. ಇತ್ತ ಐದನೆಯ ಸ್ಥಾನದ ಲಂಡನ್ ಮೇಲೇರಿ ಬಂತು. ಹೀಗಾಗಿ ನ್ಯೂಯಾರ್ಕಿನ ಫೈನಲ್‌ನಲ್ಲಿ ನ್ಯೂಯಾರ್ಕ್ ಇರಲಿಲ್ಲ.

ಲಂಡನ್ ತಂಡದ ನಿಜವಾದ ಊರು ಯಾವುದು? ಅದನ್ನು ಕಟ್ಟಿದ್ದು ಜಿಸಿ ಬುಸಾನ್ ಮತ್ತು ಕೊಂಗ್ಡೂ ಪ್ಯಾಂಥೆರಾ ಎಂಬ ಎರಡು ಕೊರಿಯನ್ ತಂಡಗಳ ಆಟಗಾರರನ್ನು ಸೇರಿಸಿ. ಕೊರಿಯಾದಲ್ಲಿ 1990ರ ದಶಕದ ಕೊನೆಯ ಆರ್ಥಿಕ ಕುಸಿತದ ಕಾಲದಲ್ಲಿ ಓಣಿ ಓಣಿಗೂ 'ಪಿಸಿ ಬಾಂಗ್' ಎಂಬ ಕಂಪ್ಯೂಟರ್ ಆಟದ ಅಂಗಡಿಗಳು ತೆರೆದವು. ಅಲ್ಲಿ ಹಬ್ಬಿದ ಆಟ ಇದೇ ಬ್ಲಿಜರ್ಡ್‌ನ ಸ್ಟಾರ್‌ಕ್ರಾಫ್ಟ್. ಆಟವನ್ನು ತೋರಿಸಲೆಂದೇ ಟಿವಿ ವಾಹಿನಿಗಳು ಹುಟ್ಟಿದವು. 2004ರ ಬೇಸಿಗೆಯಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಸ್ಟಾರ್‌ಕ್ರಾಫ್ಟ್ ಲೀಗಿನ ಫೈನಲ್‌ಗೆ ಲಕ್ಷ ಜನ ಬಂದಿದ್ದರೆಂದು ಆಗ ಹೇಳಲಾಯಿತು. ಬ್ರೂಕ್ಲಿನ್ನಿನ ವೇದಿಕೆಯ ಹಿಂದೆ ಇಷ್ಟು ಉದ್ದದ ಚರಿತ್ರೆಯಿತ್ತು. ಲೀಗ್ ಮಾರಿದ್ದು ಊರಿನ ಹೆಸರನ್ನು ಮಾತ್ರ. ಆಟಗಾರರು ತಮ್ಮ ಹಿಂದಿನದನ್ನು ತಾವೇ ಹೊತ್ತು ತಂದಿದ್ದರು.

ಎರಡನೆಯ ಫೈನಲ್ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಕೊರಿಯಾದಲ್ಲಿ ರನ್‌ಅವೇ ಎಂಬ ತಂಡವಿತ್ತು. ಅದನ್ನು ನಡೆಸುತ್ತಿದ್ದದ್ದು ಇಂಟರ್‌ನೆಟ್ಟಿನಲ್ಲಿ ಆಟವಾಡಿ ತೋರಿಸುತ್ತಿದ್ದ ಒಬ್ಬ ಯುವಕ ಮತ್ತು ಅವನ ಹೆಂಡತಿ. ದೊಡ್ಡ ಪ್ರಾಯೋಜಕರಿಲ್ಲದ ಅದರ ಆಟಗಾರರು ಗುಲಾಬಿ ಬಣ್ಣದ ಸ್ವೆಟರ್ ತೊಟ್ಟು ಆಡಿ ಜನರಿಗೆ ಪ್ರಿಯರಾದರು. ಎರಡು ಬಾರಿ ಕೊರಿಯಾದ ದೊಡ್ಡ ಟೂರ್ನಿಯ ಫೈನಲ್ ತಲುಪಿ ಎರಡು ಬಾರಿಯೂ ಸೋತರು. ಎರಡನೆಯ ಸಲ ಸೋತದ್ದು ಜಿಸಿ ಬುಸಾನ್‌ಗೆ. 2019ರಲ್ಲಿ ಲೀಗ್ 20 ತಂಡಗಳಿಗೆ ಬೆಳೆದಾಗ ಕೆನಡಾದ ವ್ಯಾಂಕೂವರ್ ಟೈಟನ್ಸ್ ಈ ರನ್‌ಅವೇ ಬಳಗವನ್ನೇ ಕೊಂಡಿತು. ಆ ಸೆಪ್ಟೆಂಬರ್ 29ರಂದು ಫಿಲಡೆಲ್ಫಿಯಾದ ವೆಲ್ಸ್ ಫಾರ್ಗೊ ಸೆಂಟರಿನಲ್ಲಿ ನಡೆದ ಫೈನಲ್‌ನಲ್ಲಿ ಅವರು ಸಾನ್ ಫ್ರಾನ್ಸಿಸ್ಕೊ ಶಾಕ್ ಎದುರು 0-4ರಿಂದ ಸೋತರು. ಎಂಟು ತಿಂಗಳೊಳಗೆ, 2020ರ ಮೇನಲ್ಲಿ, ಫೈನಲ್ ಆಡಿದ ಆ ಕೊರಿಯನ್ ತಂಡವಿಡೀ ಕ್ಲಬ್ಬಿನಿಂದ ಬೇರೆಯಾಯಿತು. ವ್ಯಾಂಕೂವರ್ ಎಂಬ ಹೆಸರು ಉಳಿಯಿತು, ಅದರಡಿ ಬೇರೆ ಹುಡುಗರು ಬಂದರು. ಅಭಿಮಾನಿಗಳು ಯಾರ ಪರ ಕೂಗಬೇಕಿತ್ತು?

2020ರಿಂದ ತಂಡಗಳು ತಂತಮ್ಮ ಊರಿನಲ್ಲೇ ಪಂದ್ಯ ನಡೆಸಬೇಕೆಂಬ ಯೋಜನೆ ಇತ್ತು. ಅದಕ್ಕೂ ಮೊದಲೇ ಫಿಲಡೆಲ್ಫಿಯಾದ ಒಡೆಯರು 5 ಕೋಟಿ ಡಾಲರ್ ವೆಚ್ಚದಲ್ಲಿ ಇ-ಸ್ಪೋರ್ಟ್ಸ್‌ಗೆಂದೇ ಕ್ರೀಡಾಂಗಣ ಕಟ್ಟುವುದಾಗಿ ಪ್ರಕಟಿಸಿದ್ದರು. ಫೆಬ್ರುವರಿಯಲ್ಲಿ ಕೆಲವು ಪಂದ್ಯಗಳು ನಡೆದವು. ಮಾರ್ಚ್ ಹೊತ್ತಿಗೆ ಕೊರೊನಾ ಎಲ್ಲವನ್ನೂ ನಿಲ್ಲಿಸಿತು. ಮೂರನೆಯ ಫೈನಲ್‌ಗಾಗಿ ನಾಲ್ಕು ತಂಡಗಳು ದಕ್ಷಿಣ ಕೊರಿಯಾದಲ್ಲಿ ಸೇರಿ, ಪ್ರೇಕ್ಷಕರಿಲ್ಲದೆ ಆಡಿದವು. ಸಾನ್ ಫ್ರಾನ್ಸಿಸ್ಕೊ ಮತ್ತೆ ಗೆದ್ದಿತು, ಸೋಲ್ ಡೈನಾಸ್ಟಿ ವಿರುದ್ಧ 4-2ರಿಂದ. 'ಆನ್‌ಲೈನ್ ಆಟಕ್ಕೆ ಊರು ಯಾಕೆ ಬೇಕು' ಎನ್ನುವವರಿಗೆ ಈ ವರ್ಷಗಳು ಬೇರೊಂದು ಪಾಠ ಹೇಳಿದವು. ಸಮುದ್ರದಾಳದ ಕೇಬಲ್ಲಿನಲ್ಲಿ ಸಂಕೇತ ಹೋಗಿಬರಲೂ ಹೊತ್ತು ಬೇಕು. ಕಣ್ಣೆವೆಗಿಂತ ಚಿಕ್ಕದಾದ ಆ ತಡವೇ ಈ ಆಟದಲ್ಲಿ ಗೆಲುವು ಸೋಲನ್ನು ಬದಲಿಸಬಲ್ಲದು. 2021ರ ಟೂರ್ನಿಗಳಲ್ಲಿ ಏಷ್ಯಾದ ತಂಡಗಳನ್ನು ಎದುರಿಸಲು ಅಮೆರಿಕದ ತಂಡಗಳು ಹವಾಯಿ ದ್ವೀಪಕ್ಕೆ ಹಾರಿ, ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ಕುಳಿತು ಆಡಿದವು. ಭೂಗೋಳವನ್ನು ತಪ್ಪಿಸಿಕೊಳ್ಳಲು ಯಾರಿಗೂ ಆಗಲಿಲ್ಲ.

ನಾಲ್ಕನೆಯ ಫೈನಲ್ಲಿನ ಕತೆ ಹೇಳಬೇಕಾದರೆ ಮತ್ತೆ 2018ಕ್ಕೆ ಹೋಗಬೇಕು. ಆ ವರ್ಷ ಶಾಂಘೈ ಡ್ರ್ಯಾಗನ್ಸ್ ತಂಡ 40 ಪಂದ್ಯ ಆಡಿ 40ನ್ನೂ ಸೋತಿತು. ಸೀಸನ್ನಿನ ನಡುವೆ ಸೇರಿದವರಲ್ಲಿ 'ಗೆಗುರಿ' ಹೆಸರಿನಿಂದ ಆಡುತ್ತಿದ್ದ ಕಿಮ್ ಸೆ-ಯೊನ್ ಇದ್ದಳು. ಲೀಗಿನ ಮೊದಲ ಮಹಿಳಾ ಆಟಗಾರ್ತಿ ಅವಳು. 2016ರಲ್ಲಿ, ಇಷ್ಟು ನಿಖರವಾಗಿ ಗುರಿ ಹಿಡಿಯಬೇಕಾದರೆ ಮೋಸದ ತಂತ್ರಾಂಶ ಬಳಸುತ್ತಿರಬೇಕೆಂದು ಎದುರಾಳಿಗಳು ಆರೋಪಿಸಿದ್ದರು. ಅವಳು ಕ್ಯಾಮೆರಾಗಳ ಎದುರು ಕುಳಿತು ಆಡಿ ತೋರಿಸಿ ಆರೋಪವನ್ನು ಸುಳ್ಳಾಗಿಸಿದ್ದಳು. ಅಂಥವಳು ಬಂದು ಸೇರಿದ್ದು ಗೆಲುವನ್ನೇ ಕಾಣದ ತಂಡಕ್ಕೆ. ಅವಳೊಂದಿಗೇ ಬಂದ ಇನ್ನೊಬ್ಬ ಕೊರಿಯನ್ ಆಟಗಾರ ಲೀ ಉಯಿ-ಸೊಕ್. ಆಟದ ಹೆಸರು 'ಫಿಯರ್‌ಲೆಸ್'.

ಎರಡನೆಯ ವರ್ಷದ ಮೊದಲ ಎರಡು ಪಂದ್ಯಗಳನ್ನೂ ಶಾಂಘೈ ಸೋತಿತು. ಒಟ್ಟು 42 ಸೋಲುಗಳ ನಂತರ, 2019ರ ಫೆಬ್ರುವರಿ 22ರಂದು ಬಾಸ್ಟನ್ ವಿರುದ್ಧ 3-1ರಿಂದ ಗೆದ್ದಿತು. ಅದು ಸೀಸನ್ ಶುರುವಿನ ಒಂದು ಸಾಮಾನ್ಯ ಪಂದ್ಯ, ಅದರಿಂದ ಯಾವ ಟ್ರೋಫಿಯೂ ಬರುವಂತಿರಲಿಲ್ಲ. ಬರ್ಬ್ಯಾಂಕಿನ ಸಭಾಂಗಣ ಮಾತ್ರ ಫೈನಲ್ ಗೆದ್ದಂತೆ ಕೂಗಿತು. ಅಲ್ಲಿದ್ದವರಲ್ಲಿ ಎಷ್ಟು ಜನ ಶಾಂಘೈ ನಗರವನ್ನು ನೋಡಿದ್ದರೋ! ಅವರು ನೋಡಿದ್ದು ಒಂದು ವರ್ಷದ ಸೋಲುಗಳನ್ನು. ದುಡ್ಡು ಕೊಟ್ಟು ಕೊಂಡ ಊರಿನ ಹೆಸರಿಗೆ ಅಷ್ಟು ಸೋಲುಗಳು ಸೇರಿ ಒಂದು ನೆನಪನ್ನು ಕೊಟ್ಟಿದ್ದವು. 2021ರ ಸೆಪ್ಟೆಂಬರ್ 25ರಂದು ಶಾಂಘೈ ಅಟ್ಲಾಂಟಾ ರೇನ್ ತಂಡವನ್ನು 4-0ಯಿಂದ ಸೋಲಿಸಿ ಚಾಂಪಿಯನ್ ಆಯಿತು. 40 ಸೋಲುಗಳ ವರ್ಷ ಆಡಿದವರಲ್ಲಿ ಬಹುತೇಕರು ಆಗ ತಂಡದಲ್ಲಿರಲಿಲ್ಲ. ಆದರೂ ನೋಡಿದವರು ಅದನ್ನು ಆ ಸೋಲುಗಳ ಮುಂದುವರಿದ ಅಧ್ಯಾಯವೆಂದೇ ಓದಿದರು. ಆರು ಫೈನಲ್‌ಗಳಲ್ಲಿ ಊರಿನ ಯೋಜನೆ ನಿಜಕ್ಕೂ ಫಲಿಸಿದ್ದು ಇಲ್ಲೊಂದೇ ಕಡೆ ಎಂದು ನನಗೆ ತೋರುತ್ತದೆ.

ಫಿಯರ್‌ಲೆಸ್ ಅಷ್ಟರಲ್ಲಿ ಅಮೆರಿಕದ ಡಲ್ಲಾಸ್ ಫ್ಯೂಯೆಲ್ ಸೇರಿದ್ದ. 2021ರಲ್ಲಿ ಅವನು ನೇರ ಪ್ರಸಾರವೊಂದರಲ್ಲಿ, ಟೆಕ್ಸಾಸ್‌ನಲ್ಲಿ ಏಷ್ಯಾದವನಾಗಿ ಬದುಕುವುದು ಭಯ ಹುಟ್ಟಿಸುತ್ತದೆ, ಬೀದಿಯಲ್ಲಿ ಜನ ಕೆಣಕುತ್ತಾರೆ, ಮುಖದತ್ತ ಕೆಮ್ಮುತ್ತಾರೆ ಎಂದು ಹೇಳಿಕೊಂಡ. ಕೊರೊನಾ ಕಾಲದಲ್ಲಿ ಏಷ್ಯಾ ಮೂಲದವರ ಮೇಲೆ ಹಗೆ ಏರಿದ್ದ ದಿನಗಳವು. ಅಂಗಿಯ ಮೇಲೆ ಯಾವ ಊರಿನ ಹೆಸರಿತ್ತೋ ಅದೇ ಊರಿನ ಬೀದಿಯಲ್ಲಿ ಅವನಿಗೆ ನಡೆದಾಡಲು ಹೆದರಿಕೆ. ಊರಿನ ಹೆಸರು ಕೊಟ್ಟ ಲೀಗಿಗೆ ಊರಿನೊಳಗೆ ಜಾಗ ಕೊಡಿಸಲು ಆಗಿರಲಿಲ್ಲ. 2022ರ ನವೆಂಬರ್ 4ರಂದು ಅನಾಹೈಮ್‌ನಲ್ಲಿ ನಡೆದ ಐದನೆಯ ಫೈನಲ್‌ನಲ್ಲಿ ಡಲ್ಲಾಸ್ 4-3ರಿಂದ ಸಾನ್ ಫ್ರಾನ್ಸಿಸ್ಕೊವನ್ನು ಸೋಲಿಸಿತು. ಶಾಂಘೈನ ಸೋಲಿನ ವರ್ಷ ಕಂಡವನ ಕೈಗೆ ಕೊನೆಗೂ ಟ್ರೋಫಿ ಬಂತು.

ಆ ಫೈನಲ್ ಆಡಿದ್ದು ಮೊದಲಿನ ಆಟವನ್ನಲ್ಲ. ಅದಕ್ಕೂ ಒಂದು ತಿಂಗಳ ಹಿಂದೆ, 2022ರ ಅಕ್ಟೋಬರ್ 3ರಂದು, ಬ್ಲಿಜರ್ಡ್ ಮೂಲ ಓವರ್‌ವಾಚ್‌ನ ಸರ್ವರುಗಳನ್ನು ಮುಚ್ಚಿತ್ತು. ಮರುದಿನ ಬಂದ ಓವರ್‌ವಾಚ್ 2ರಲ್ಲಿ ತಂಡಕ್ಕೆ ಆರರ ಬದಲು ಐದು ಜನ. ಆರನೆಯವನ ಕೆಲಸ ಒಂದು ತೀರ್ಮಾನದಿಂದ ಹೋಯಿತು. 2023ರ ಜನವರಿಯಲ್ಲಿ ಚೀನಾದ ಪಾಲುದಾರ ಕಂಪನಿಯೊಂದಿಗಿನ ಒಪ್ಪಂದ ಮುಗಿದು, ಆ ದೇಶದಲ್ಲಿ ಆಟವೇ ನಿಂತಿತು. ಫಿಲಡೆಲ್ಫಿಯಾದ ಕ್ರೀಡಾಂಗಣ ಮೇಲೇಳಲೇ ಇಲ್ಲ. ತಂಡವೇ 'ಸೋಲ್ ಇನ್‌ಫರ್ನಲ್' ಎಂದು ಹೆಸರು ಬದಲಿಸಿ ಕೊರಿಯಾದ ಪಾಲಾಯಿತು.

2023ರ ಅಕ್ಟೋಬರ್ 1ರಂದು ಟೊರಾಂಟೊದಲ್ಲಿ ಫ್ಲಾರಿಡಾ ಮೇಹೆಮ್ ತಂಡ ಹ್ಯೂಸ್ಟನ್ ಔಟ್‌ಲಾಸ್ ತಂಡವನ್ನು 4-0ಯಿಂದ ಸೋಲಿಸಿತು. ಅದೇ ಕೊನೆಯ ಫೈನಲ್. ಲೀಗ್ ಬೇಕೋ ಬೇಡವೋ ಎಂದು ತಂಡಗಳ ಒಡೆಯರು ಮತ ಹಾಕುವರೆಂದೂ, ಬೇಡವೆಂದವರಿಗೆ ತಲಾ 60 ಲಕ್ಷ ಡಾಲರ್ ಸಿಗುವುದೆಂದೂ ಬೇಸಿಗೆಯಲ್ಲೇ ಪ್ರಕಟವಾಗಿತ್ತು. ಅಕ್ಟೋಬರ್ 13ರಂದು ಬ್ಲಿಜರ್ಡ್‌ನ ಮಾತೃಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡಿತು. ನವೆಂಬರಿನಲ್ಲಿ ಲೀಗ್ ಮುಗಿಯಿತೆಂಬ ಸುದ್ದಿ ಬಂತು. ಮತ ಹಾಕಿದವರಲ್ಲಿ ಆಟಗಾರರೂ ಇರಲಿಲ್ಲ, ನೋಡುಗರೂ ಇರಲಿಲ್ಲ.

ನಾಳೆ ಕಬಡ್ಡಿ ಲೀಗ್ ನಿಂತರೂ ಊರ ಬಯಲಿನಲ್ಲಿ ಹುಡುಗರು ಗೆರೆ ಎಳೆದು ಕಬಡ್ಡಿ ಆಡುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ಕ್ರೀಡೆಯ ಚರಿತ್ರೆ ಬರೆಯುವವರು ಈ ಭಾಗ್ಯವನ್ನು ಹೆಚ್ಚಾಗಿ ಗಮನಿಸುವುದೇ ಇಲ್ಲ. ಹಳೆಯ ಪಂದ್ಯದ ವರದಿ ಓದಿದರೆ ಆಟ ಗೊತ್ತಿರುವುದರಿಂದ ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಮೊದಲ ನಾಲ್ಕು ಫೈನಲ್‌ಗಳನ್ನು ಆಡಿದ ಆಟ ಮಾತ್ರ ಒಡೆಯನ ಕೈಯಲ್ಲಿದೆ. ಅವನು ತೆರೆದರೆ ಉಂಟು, ಮುಚ್ಚಿದರೆ ಇಲ್ಲ. ನಮಗೆ ಉಳಿದಿರುವುದು ವಿಡಿಯೊಗಳು ಮತ್ತು ನೋಡಿದವರ ನೆನಪು. ಈ ಲೀಗಿನ ಚರಿತ್ರೆಯನ್ನು ಮುಂದೆ ಯಾರಾದರೂ ವಿವರವಾಗಿ ಬರೆದರೆ ಆರು ಟ್ರೋಫಿಗಳ ಪಟ್ಟಿಯಿಂದ ಶುರು ಮಾಡಬಾರದು. ಬಾಸ್ಟನ್ ವಿರುದ್ಧದ ಆ ಫೆಬ್ರುವರಿ ಪಂದ್ಯದಿಂದ, 42 ಬಾರಿ ಸೋತವರು ಕುರ್ಚಿಯಿಂದ ಎದ್ದ ಗಳಿಗೆಯಿಂದ ಶುರು ಮಾಡಬೇಕು.