ಹಳೆಯ ನಿಯಮಪುಸ್ತಕ ಯಾರ ಕೈಯಲ್ಲಿತ್ತು?

ಚದುರಂಗಕ್ಕೆ ಒಡೆಯನಿಲ್ಲ. ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನವರು ಮಂತ್ರಿಗೆ ಪಟದ ಉದ್ದಗಲಕ್ಕೂ ಓಡುವ ಬಲ ಕೊಟ್ಟಾಗ, ಅದು ಸೇರದವರು ಹಳೆಯ ರೀತಿಯಲ್ಲೇ ಆಡಿಕೊಂಡಿರಲು ಅಡ್ಡಿಯಿರಲಿಲ್ಲ. ನಮ್ಮ ಹಿರಿಯರ ಜಗಲಿಗಳ ಮೇಲೆ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದಕ್ಕೆ ಹೋಗುತ್ತಿದ್ದುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಕೆಲವು ಆಟಗಳ ಸ್ಥಿತಿ ಹೀಗಲ್ಲ. ಅವುಗಳ ನಿಯಮವೇ ಪುಸ್ತಕ, ಪುಸ್ತಕವೇ ಸರಕು. ಸರಕಿಗೊಬ್ಬ ಯಜಮಾನನಿರುತ್ತಾನೆ, ಅವನಿಗೆ ಕೆಲವು ವರ್ಷಗಳಿಗೊಮ್ಮೆ ಹೊಸ ಆವೃತ್ತಿಯನ್ನು ಮಾರಬೇಕಾಗುತ್ತದೆ. ಆಗ ಆಡುವವರು ಏನು ಮಾಡುತ್ತಾರೆ ಎಂಬುದನ್ನು ಅರಿಯಲು ಅಮೆರಿಕದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಚರಿತ್ರೆಗಿಂತ ಒಳ್ಳೆಯ ನಿದರ್ಶನ ನಮಗೆ ಸಿಕ್ಕಿಲ್ಲ.

ಈ ಆಟವನ್ನು ನೋಡದವರಿಗೆ ಒಂದೆರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು, ಒಬ್ಬ ಯೋಧನನ್ನೋ ಮಾಂತ್ರಿಕನನ್ನೋ ಕಳ್ಳನನ್ನೋ, ತಮ್ಮದಾಗಿಸಿಕೊಂಡು ಅದರ ಪರವಾಗಿ ಮಾತಾಡುತ್ತಾರೆ. ಕಥೆಯ ಲೋಕವನ್ನು ನಡೆಸುವವನು ಬೇರೊಬ್ಬ. ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ತಾಳಮದ್ದಳೆಯ ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗುವುದನ್ನು ಕಂಡವರಿಗೆ ಇದು ತೀರಾ ಅಪರಿಚಿತವೆನಿಸದು. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ, ಏಟು ತಗಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದಾಳದ ಮಾತಿಗೆ ಅರ್ಥ ಕೊಡುವುದು ನಿಯಮಪುಸ್ತಕ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಮೊದಲ ಪುಸ್ತಕಗಳು ಹೊರಬಂದವು: ಒಂದು ಪೆಟ್ಟಿಗೆ, ಮೂರು ತೆಳ್ಳನೆಯ ಪುಸ್ತಿಕೆ, 1000 ಪ್ರತಿ. ಪ್ರಕಾಶಿಸಿದ ಸಂಸ್ಥೆ ಟಿಎಸ್‌ಆರ್.

ಆ ಪುಸ್ತಿಕೆಗಳು ಎಷ್ಟು ಅಪೂರ್ಣವಾಗಿದ್ದವೆಂದರೆ ಪ್ರತಿಯೊಂದು ಮೇಜೂ ತನ್ನದೇ ಮನೆನಿಯಮ ಕಟ್ಟಿಕೊಳ್ಳಲೇಬೇಕಾಯಿತು. ಮುಂದಿನದೆಲ್ಲಕ್ಕೂ ಬೀಜ ಇದರಲ್ಲಿದೆಯೆಂದು ನಮ್ಮ ಎಣಿಕೆ. ಹಾಗಾಗಿಯೇ 1989ರ ಎರಡನೆಯ ಆವೃತ್ತಿಯ ಬಗ್ಗೆ ಗೊಣಗಾಟ ಕೇಳಿಬಂತೇ ಹೊರತು ದಂಗೆಯೇಳಲಿಲ್ಲ. ಎಂಬತ್ತರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂದು ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಹುಯಿಲೆಬ್ಬಿಸಿದ್ದವು. ಹೊಸ ಪುಸ್ತಕಗಳಲ್ಲಿ ದೆವ್ವ ಪಿಶಾಚಿಗಳು ಮೊದಲು ಕಾಣೆಯಾಗಿ, ಎರಡು ವರ್ಷಗಳ ಬಳಿಕ ಹೊಸ ಹೆಸರು ತೊಟ್ಟು ಮರಳಿದವು. ಕೊಲೆಗಡುಕನ ಪಾತ್ರ ಹೋಯಿತು, ಅರೆ-ಆರ್ಕ್ ಹೋಯಿತು. ಗೈಗ್ಯಾಕ್ಸ್ ಸ್ವತಃ ಆಗಲೇ ಸಂಸ್ಥೆಯಿಂದ ಹೊರನಡೆದಿದ್ದರು. ಕೊಲೆಗಡುಕ ಬೇಕೆಂದವರು ಕಪಾಟಿನಿಂದ 1978ರ ಪುಸ್ತಕ ತೆಗೆದರು, ಆಡಿದರು. ಅವರ ಭಿನ್ನಮತ ಅವರ ಮನೆಯ ಗೋಡೆಗಳೊಳಗೆ ಉಳಿಯಿತು.

1997ರಲ್ಲಿ ಟಿಎಸ್‌ಆರ್ ಸಾಲದಲ್ಲಿ ಮುಳುಗಿ, ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಂಸ್ಥೆಯ ಪಾಲಾಯಿತು. ಎರಡು ವರ್ಷಗಳಲ್ಲಿ ಅದನ್ನೂ ಆಟಿಕೆಗಳ ದೈತ್ಯ ಹ್ಯಾಸ್ಬ್ರೊ ಕೊಂಡಿತು. 2000ದಲ್ಲಿ ಬಂದ ಮೂರನೆಯ ಆವೃತ್ತಿ ನಿಯಮಗಳ ಬುಡವನ್ನೇ ಅಲ್ಲಾಡಿಸಿತು. ಅದುವರೆಗೆ ಕವಚದ ಅಂಕ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು ಎಂಬ ವಿಚಿತ್ರ ಲೆಕ್ಕವಿತ್ತು, ಅದು ತಿರುವುಮುರುವಾಯಿತು. ಕುಬ್ಜ ಮಾಂತ್ರಿಕನಾಗಬಾರದೆಂಬ ಕಟ್ಟು ಕಳಚಿತು. ಇಷ್ಟಾದರೂ ಬಹುಪಾಲು ಆಟಗಾರರು ಹೊಸತನ್ನು ಸ್ವಾಗತಿಸಿದರು, ಏಕೆಂದರೆ ಹಳೆಯ ಲೆಕ್ಕ ನಿಜಕ್ಕೂ ತಲೆನೋವಾಗಿತ್ತು. ನಮ್ಮ ಕಥೆಗೆ ಮುಖ್ಯವಾದದ್ದು ಆ ವರ್ಷದ ಬೇರೊಂದು ಕಾಗದ: ರಯಾನ್ ಡ್ಯಾನ್ಸಿ ಎಂಬ ಅಧಿಕಾರಿಯ ಮುತುವರ್ಜಿಯಿಂದ ಹೊರಬಂದ 'ಓಪನ್ ಗೇಮ್ ಲೈಸೆನ್ಸ್'. ನಿಯಮಗಳ ತಿರುಳನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಪುಸ್ತಕ ಮಾಡಿ ಮಾರಬಹುದು ಎಂದಿತು ಅದು. ಒಂದು ಸಂಸ್ಥೆ ಮುಳುಗಿದರೆ ಅದರೊಡನೆ ಆಟವೂ ಮುಳುಗಬಾರದೆಂಬ ಕಾಳಜಿ ಅದರ ಹಿಂದಿತ್ತು. ಇತರರು ಪೂರಕ ಪುಸ್ತಕಗಳನ್ನು ಬರೆದಷ್ಟೂ ಮೂಲಪುಸ್ತಕದ ಮಾರಾಟ ಹೆಚ್ಚುತ್ತದೆಂಬ ವ್ಯಾಪಾರದ ಲೆಕ್ಕವೂ ಇತ್ತು. ಮೂರೇ ವರ್ಷಕ್ಕೆ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ 'ಮೂರೂವರೆ' ಎಂಬ ಪರಿಷ್ಕರಣ ಬಂದಾಗ, ಮತ್ತೆ ಜೇಬಿಗೆ ಕತ್ತರಿ ಬಿತ್ತೆಂದು ಜನ ಬೈದುಕೊಂಡೇ ಕೊಂಡರು.

2007ರ ಆಗಸ್ಟಿನಲ್ಲಿ ಇಂಡಿಯಾನಾಪೊಲಿಸ್‌ನ ಜೆನ್ ಕಾನ್ ಮೇಳದಲ್ಲಿ ನಾಲ್ಕನೆಯ ಆವೃತ್ತಿಯ ಘೋಷಣೆಯಾಯಿತು. 2008ರ ಜೂನ್‌ನಲ್ಲಿ ಪುಸ್ತಕಗಳು ಬಂದವು. ಗೈಗ್ಯಾಕ್ಸ್ ಅದೇ ಮಾರ್ಚಿನಲ್ಲಿ ತೀರಿಕೊಂಡಿದ್ದರು.

ಏನು ಬದಲಾಯಿತು? ಮಾಂತ್ರಿಕನಿಂದಲೇ ಆರಂಭಿಸೋಣ. ಜ್ಯಾಕ್ ವ್ಯಾನ್ಸ್ ಎಂಬ ಲೇಖಕನ ಕಥೆಗಳಿಂದ ಎರವಲು ಪಡೆದ ಕಲ್ಪನೆಯೊಂದು ಮೊದಲಿನಿಂದಲೂ ಈ ಆಟದಲ್ಲಿತ್ತು. ಮಾಂತ್ರಿಕ ಬೆಳಗ್ಗೆ ಕುಳಿತು ಮಂತ್ರಗಳನ್ನು ಬಾಯಿಪಾಠ ಮಾಡಬೇಕು. ಒಮ್ಮೆ ಪ್ರಯೋಗಿಸಿದೊಡನೆ ಆ ಮಂತ್ರ ನೆನಪಿನಿಂದ ಅಳಿದುಹೋಗುತ್ತದೆ. ಆದ್ದರಿಂದ ಯಾವ ಮಂತ್ರವನ್ನು ಯಾವಾಗ ಖರ್ಚು ಮಾಡಬೇಕೆಂಬ ಜಿಪುಣತನವೇ ಅವನ ಆಟ. ಯೋಧನಿಗೆ ಈ ಚಿಂತೆಯಿಲ್ಲ. ದಿನವಿಡೀ ಖಡ್ಗ ಬೀಸುತ್ತಾನೆ, ಅಷ್ಟೇ. ನಾಲ್ಕನೆಯ ಆವೃತ್ತಿ ಎಲ್ಲರಿಗೂ ಒಂದೇ ಅಚ್ಚು ತಂದಿತು. ಯೋಧನಾಗಲಿ ಮಾಂತ್ರಿಕನಾಗಲಿ, ಬೇಕೆಂದಾಗ ಬಳಸುವ ಕೆಲವು ಶಕ್ತಿಗಳು, ಒಂದು ಕಾಳಗಕ್ಕೊಮ್ಮೆ ಬಳಸುವ ಕೆಲವು, ದಿನಕ್ಕೊಮ್ಮೆ ಮಾತ್ರ ಬಳಸುವ ಕೆಲವು. ದೂರವನ್ನು ಅಡಿಗಳ ಬದಲು ಪಟದ ಚೌಕಗಳಲ್ಲಿ ಅಳೆಯತೊಡಗಿದರು. ಒಂದು ರಾತ್ರಿಯ ವಿಶ್ರಾಂತಿಯಲ್ಲಿ ಗಾಯವೆಲ್ಲ ಮಾಯುತ್ತಿತ್ತು. ಶೀಲವನ್ನು ಸೂಚಿಸುತ್ತಿದ್ದ ಒಂಬತ್ತು ವರ್ಗಗಳು ಐದಾದವು. ಗ್ನೋಮ್ ಎಂಬ ಪುಟ್ಟ ಜನಾಂಗವನ್ನು ಮೊದಲ ಆಟಗಾರರ ಕೈಪಿಡಿಯಿಂದ ತೆಗೆದು ರಾಕ್ಷಸರ ಪುಸ್ತಕಕ್ಕೆ ಸೇರಿಸಿದರು. ಆ ಗ್ನೋಮನ್ನು ಗೇಲಿಮಾಡುವ ವ್ಯಂಗ್ಯಚಿತ್ರ ಚಲನಚಿತ್ರವೊಂದು ಸಂಸ್ಥೆಯ ಪ್ರಚಾರದಲ್ಲೇ ಬಂದಿತು. ಹತ್ತಿಪ್ಪತ್ತು ವರ್ಷ ಗ್ನೋಮ್ ಆಗಿ ಆಡಿದವರಿಗೆ ಅದು ಹೇಗೆ ತಟ್ಟಿರಬೇಡ! ನಿಯಮ ಬದಲಿಸುವುದು ಒಂದು, ನಿಯಮವನ್ನು ಪ್ರೀತಿಸಿದವರನ್ನು ನಗೆಪಾಟಲು ಮಾಡುವುದು ಮತ್ತೊಂದು. ನೂರಾರು ಕಾದಂಬರಿಗಳಲ್ಲಿ ಬೆಳೆದು ಬಂದಿದ್ದ 'ಫರ್ಗಾಟನ್ ರೆಲ್ಮ್ಸ್' ಎಂಬ ಕಥಾಲೋಕದ ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ತಳ್ಳಿ, ಮಂತ್ರವಿದ್ಯೆಯ ದೇವತೆಯನ್ನು ಕೊಂದುಹಾಕಿದ್ದು ಬೇರೆ.

ಆಟಗಾರರ ಆಕ್ಷೇಪಗಳನ್ನು ಜರಡಿಯಾಡಿದರೆ ಎಲ್ಲವೂ ಒಂದೇ ತೂಕದವಲ್ಲ. ಇದು ಗಣಕದ ಆಟದಂತಾಯಿತು, 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನ ನಕಲು ಎಂಬುದು ಎಲ್ಲರ ಬಾಯಲ್ಲಿದ್ದ ದೂರು. ಕಾಳಗವೇ ಎಲ್ಲ, ಪಾತ್ರಾಭಿನಯಕ್ಕೆ ಎಡೆಯಿಲ್ಲ ಎಂಬುದು ಇನ್ನೊಂದು. ಈ ಎರಡನೆಯದನ್ನು ನಾವು ಒಪ್ಪಲಾರೆವು. ಹಳೆಯ ಪುಸ್ತಕಗಳಲ್ಲೂ ಹೆಚ್ಚಿನ ಪುಟಗಳನ್ನು ನುಂಗಿದ್ದು ಕಾಳಗ ಮತ್ತು ಮಂತ್ರಗಳೇ. ಹೊಸ ಆವೃತ್ತಿಯಲ್ಲಿ ಯೋಧನಿಗೂ ಆಯ್ಕೆಗಳು ದೊರೆತವು, ಆಟ ನಡೆಸುವವನ ಸಿದ್ಧತೆಯ ಭಾರ ಇಳಿಯಿತು. ಅದನ್ನೇ ಮೆಚ್ಚಿ ಇಂದಿಗೂ ಆಡುವವರಿದ್ದಾರೆ. ಆದರೆ ಎಲ್ಲ ಪಾತ್ರಗಳೂ ಒಂದೇ ರುಚಿಯಾದವು ಎಂಬ ದೂರಿನಲ್ಲಿ ಸತ್ಯವಿತ್ತು. ಕೊನೆಯ ಮಂತ್ರವೂ ಖರ್ಚಾಗಿ ಮಾಂತ್ರಿಕ ಬರಿಗೈಯಲ್ಲಿ ನಿಂತ ಕತ್ತಲ ಗುಹೆಯ ಭಯ ಯಾವ ಕಥೆಗಾರನೂ ಬರೆದದ್ದಲ್ಲ, ನಿಯಮವೇ ಹುಟ್ಟಿಸಿದ್ದು. ನಿಯಮ ಹೋದಾಗ ಆ ಭಯವೂ ಹೋಯಿತು, ಅದರೊಡನೆ ಆ ಬಗೆಯ ಕಥೆಯೂ.

ಈ ಸಲ ಅಸಮಾಧಾನಿಗಳು ಮನೆಯ ಗೋಡೆಗಳೊಳಗೆ ಉಳಿಯಬೇಕಿರಲಿಲ್ಲ. ಪೈಜೊ ಎಂಬ ಸಣ್ಣ ಸಂಸ್ಥೆ 2002ರಿಂದ ಈ ಆಟದ 'ಡ್ರ್ಯಾಗನ್' ಮತ್ತು 'ಡಂಜನ್' ಪತ್ರಿಕೆಗಳನ್ನು ಪರವಾನಗಿ ಪಡೆದು ನಡೆಸುತ್ತಿತ್ತು. 2007ರಲ್ಲಿ ಆ ಪರವಾನಗಿ ನವೀಕರಣಗೊಳ್ಳಲಿಲ್ಲ; ಸೆಪ್ಟೆಂಬರ್ ಸಂಚಿಕೆಯೊಂದಿಗೆ ಎರಡೂ ಮುದ್ರಿತ ಪತ್ರಿಕೆಗಳು ನಿಂತವು. ಪೈಜೊ ಆಗ 'ಪಾತ್‌ಫೈಂಡರ್' ಹೆಸರಿನ ಸಾಹಸಕಥೆಗಳ ಮಾಸಿಕ ಮಾಲಿಕೆಯನ್ನು ಹಳೆಯ ನಿಯಮಗಳಿಗೆ ಹೊಂದುವಂತೆ ಹೊರಡಿಸತೊಡಗಿತು. ಮುಂದಿನ ವರ್ಷದ ಕಥೆಗಳನ್ನು ಯಾವ ನಿಯಮಕ್ಕೆ ಬರೆಯುವುದು? ಹೊಸ ನಿಯಮಗಳೂ ಅವುಗಳ ಪರವಾನಗಿಯೂ ಇನ್ನೂ ಕೈಗೆ ಬಂದಿರಲಿಲ್ಲ. ಕೊನೆಗೆ ಬಂದ ಪರವಾನಗಿಯಾದರೋ, ಒಂದು ಮಾಲಿಕೆಯನ್ನು ಹೊಸ ನಿಯಮಕ್ಕೆ ಬದಲಿಸಿದವರು ಅದನ್ನು ಹಳೆಯ ಪರವಾನಗಿಯಡಿ ಮತ್ತೆ ಪ್ರಕಟಿಸಕೂಡದೆಂದು ಕಟ್ಟು ವಿಧಿಸಿತು. ಅಷ್ಟರಲ್ಲಿ, 2008ರ ಮಾರ್ಚಿನಲ್ಲೇ, ಪೈಜೊ ತನ್ನ ದಾರಿ ಆರಿಸಿಕೊಂಡಿತ್ತು. ಜೇಸನ್ ಬುಲ್ಮಾನ್ ತಿದ್ದಿದ ಮೂರೂವರೆಯ ನಿಯಮಗಳ ಕರಡನ್ನು ಎಲ್ಲರ ಮುಂದಿಟ್ಟು, ಆಡಿ ನೋಡಿ ಹೇಳಿ ಎಂದಿತು. ಆಟಗಾರರು ಹೇಳಿದರು, ಧಾರಾಳವಾಗಿಯೇ. 2009ರ ಆಗಸ್ಟಿನಲ್ಲಿ ಪಾತ್‌ಫೈಂಡರ್ ಸ್ವತಂತ್ರ ಆಟವಾಗಿ ಬಂತು. ಹಳೆಯ ಆವೃತ್ತಿಯ ಅಭಿಮಾನಿಗಳ ಕೈಯಲ್ಲಿದ್ದದ್ದು ಈಗ ಹಳಸಿದ ಪುಸ್ತಕವಾಗಿರಲಿಲ್ಲ. ಅಂಗಡಿಯಲ್ಲಿ ಸಿಗುವ ಹೊಸ ಪುಸ್ತಕ. 2011ರ ಹೊತ್ತಿಗೆ ಅಮೆರಿಕದ ಆಟದಂಗಡಿಗಳ ಮಾರಾಟದ ಸಮೀಕ್ಷೆಯೊಂದು ಪಾತ್‌ಫೈಂಡರನ್ನು ಮೊದಲ ಸ್ಥಾನದಲ್ಲಿಟ್ಟಿತು. 2000ದ ಆ ಕಾಗದವಿಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ.

ಒಡೆಯರು ಪಾಠ ಕಲಿತರು. 2012ರ ಜನವರಿಯಲ್ಲಿ ಮುಂದಿನ ಆವೃತ್ತಿಯನ್ನು ಘೋಷಿಸಿದಾಗ ಕರಡನ್ನು ಆಟಗಾರರ ಮುಂದಿಟ್ಟು ಎರಡು ವರ್ಷ ಅಭಿಪ್ರಾಯ ಕೇಳಿದರು. 2014ರ ಐದನೆಯ ಆವೃತ್ತಿಯಲ್ಲಿ ದೂರವನ್ನು ಮತ್ತೆ ಅಡಿಗಳಲ್ಲಿ ಅಳೆದರು, ಗ್ನೋಮ್ ಕೈಪಿಡಿಗೆ ಮರಳಿತು. ಇತ್ತ 2019ರಲ್ಲಿ ಪೈಜೊ ತನ್ನ ಆಟದ ಎರಡನೆಯ ಆವೃತ್ತಿಯನ್ನು ತಂದಾಗ, ಅದರ ಆಟಗಾರರಲ್ಲೇ ಕೆಲವರು ಇದು ನಾಲ್ಕನೆಯ ಆವೃತ್ತಿಯಂತಿದೆ, ನಮಗೆ ಹಳೆಯದೇ ಸಾಕು ಎಂದರು. ಬಂಡಾಯಗಾರನೂ ಒಡೆಯನಾದ ಮೇಲೆ ಆವೃತ್ತಿ ತರಲೇಬೇಕಲ್ಲ.

2023ರ ಜನವರಿಯಲ್ಲಿ ಹಳೆಯ ಓಪನ್ ಗೇಮ್ ಲೈಸೆನ್ಸನ್ನೇ ಅಮಾನ್ಯಗೊಳಿಸುವ ಕರಡೊಂದು ಸೋರಿಹೋಯಿತು. ಈ ಸಲ ಜನ ಕೆರಳಿದ್ದು ಯಾವುದೋ ಮಂತ್ರದ ಬಲ ಕಡಿಮೆಯಾಯಿತೆಂದಲ್ಲ. ಮುಂದೆಂದಾದರೂ ಒಪ್ಪದಿರುವ ದಾರಿಯೇ ಮುಚ್ಚುತ್ತದೆಂದು. ಸಂಸ್ಥೆಯ 'ಡಿ ಅಂಡ್ ಡಿ ಬಿಯಾಂಡ್' ಎಂಬ ವಿದ್ಯುನ್ಮಾನ ಸೇವೆಗೆ ಕಟ್ಟುತ್ತಿದ್ದ ಚಂದಾವನ್ನು ಬಹಳ ಮಂದಿ ನಿಲ್ಲಿಸಿದರು. ತಿಂಗಳು ಮುಗಿಯುವ ಮುನ್ನವೇ ಸಂಸ್ಥೆ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಅದನ್ನು ಮತ್ತೆ ಹಿಂಪಡೆಯಲಾಗದು.

ಇದರ ಮುಂದಿನ ಸಂಗತಿ ಸಣ್ಣದು, ಆದರೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. 2024ರಲ್ಲಿ ಐದನೆಯ ಆವೃತ್ತಿಯ ಪರಿಷ್ಕೃತ ಕೈಪಿಡಿ ಸಿದ್ಧವಾದಾಗ, ಅದೇ ಸೇವೆಯಲ್ಲಿ ಆಟಗಾರರು ಇಟ್ಟುಕೊಂಡಿದ್ದ ಪಾತ್ರಗಳ ಹಾಳೆಗಳಲ್ಲಿ ಹಳೆಯ ಮಂತ್ರಗಳ ಜಾಗಕ್ಕೆ ಹೊಸ ಮಂತ್ರಗಳು ತಾವಾಗಿಯೇ ಬಂದು ಕೂರುತ್ತವೆಂದು ಆಗಸ್ಟಿನಲ್ಲಿ ಪ್ರಕಟಣೆ ಹೊರಟಿತು. ಹಳೆಯದು ಬೇಕಾದವರು ತಾವೇ ಕೈಯಾರೆ ಬರೆದು ಸೇರಿಸಿಕೊಳ್ಳಬೇಕಿತ್ತು. 1989ರ ಕೊಲೆಗಡುಕನಿಗೆ ಕಪಾಟಿನಲ್ಲಿ ಒಂದು ಪುಸ್ತಕವಾದರೂ ಇತ್ತು. ಇಲ್ಲಿ ಹಣ ತೆತ್ತು ಕೊಂಡ ಹಾಳೆಯೇ ರಾತ್ರೋರಾತ್ರಿ ಬೇರೆಯಾಗುವುದಿತ್ತು. ಗದ್ದಲವಾಯಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಆ ಯೋಚನೆಯನ್ನು ಕೈಬಿಟ್ಟಿತು. 2014ರ ಮಂತ್ರಗಳು 2014ರ ಹಾಳೆಗಳಲ್ಲೇ ಉಳಿದವು.