ಎರವಲು ವೇಗದ ಅಪಾಯ: ಜಲವಿಮಾನ, ಗಾಳಿ ಮತ್ತು ನೂರು ವರ್ಷಗಳ ಪಾಠ

2025ರ ಜನವರಿ 7ರಂದು ಪಶ್ಚಿಮ ಆಸ್ಟ್ರೇಲಿಯಾದ ರಾಟ್‌ನೆಸ್ಟ್ ದ್ವೀಪದಿಂದ ಹೊರಟ ಸೆಸ್ನಾ ಕ್ಯಾರವಾನ್ ಜಲವಿಮಾನ ಟೇಕಾಫ್ ವೇಳೆಯಲ್ಲೇ ಅಪಘಾತಕ್ಕೀಡಾಯಿತು. ಒಳಗಿದ್ದ ಏಳು ಜನರಲ್ಲಿ ಪೈಲಟ್ ಸೇರಿ ಮೂವರು ಸತ್ತರು. ಅಂದು ಗಾಳಿ ಜೋರಾಗಿತ್ತು. ಗಾಳಿಗೂ ಜಲವಿಮಾನಕ್ಕೂ ಇರುವ ಈ ತಿಕ್ಕಾಟ ಹೊಸದಲ್ಲ.

1910ರ ಮಾರ್ಚ್ 28ರಂದು ಫ್ರಾನ್ಸಿನ ಆನ್ರಿ ಫಾಬ್ರ್, ಮಾರ್ಸೇ ಸಮೀಪದ ಬೆರ್ ಸರೋವರದಿಂದ ಮೊದಲ ಬಾರಿಗೆ ಎಂಜಿನ್ ಬಲದಲ್ಲಿ ನೀರಿನಿಂದ ಮೇಲೆದ್ದ. ಮರುವರ್ಷ ಅಮೆರಿಕದ ಗ್ಲೆನ್ ಕರ್ಟಿಸ್ ಸ್ಯಾನ್ ಡಿಯೇಗೊದಲ್ಲಿ ಹಾರಿದ. ಆ ದಿನಗಳ ತಲೆನೋವು ಒಂದೇ: ವಿಮಾನವನ್ನು ನೀರಿನ ಮೇಲೆ ತೇಲಿಸುವ ಫ್ಲೋಟಿನ ತಳವನ್ನು ನೀರು ಬಿಡುತ್ತಿರಲಿಲ್ಲ. ತಳದ ನಡುವೆ ಒಂದು ಮೆಟ್ಟಿಲು ಕೊಟ್ಟು ಗಾಳಿ ನುಗ್ಗಲು ದಾರಿ ಮಾಡಿದ ಮೇಲೆ ವಿಮಾನ ಆ ಹಿಡಿತದಿಂದ ಬಿಡಿಸಿಕೊಂಡಿತು. ಇವತ್ತಿಗೂ ಬಹುತೇಕ ಎಲ್ಲ ಫ್ಲೋಟುಗಳಲ್ಲಿ ಆ ಮೆಟ್ಟಿಲಿದೆ. ಆದರೆ ಫ್ಲೋಟಿನ ಆಕಾರದಲ್ಲೇ ಎಲ್ಲಕ್ಕೂ ಉತ್ತರವಿರಲಿಲ್ಲ. 1931ರಲ್ಲಿ, ಜಲವಿಮಾನಗಳ ವೇಗದ ಸ್ಪರ್ಧೆಯಾದ ಷ್ನೈಡರ್ ಟ್ರೋಫಿಯ ತಯಾರಿಯಲ್ಲಿದ್ದ ಬ್ರಿಟಿಷ್ ಪೈಲಟ್ ಬ್ರಿಂಟನ್ ಟೇಕಾಫ್ ವೇಳೆಯಲ್ಲೇ ಸತ್ತ. ಜಗತ್ತಿನ ಅತಿ ವೇಗದ ವಿಮಾನಗಳಿಗೂ ನೀರು ಬಿಡುವ ಆ ಕೆಲವು ಕ್ಷಣಗಳೇ ಗಂಡಾಂತರವಾಗಿದ್ದವು.

ಎದುರುಗಾಳಿ ಪೈಲಟ್‌ನ ಗೆಳೆಯ. ನೀರಿನ ಮೇಲಿನ ಓಟವನ್ನು ಅದು ಕಡಿಮೆ ಮಾಡುತ್ತದೆ. ಅದೇ ಗಾಳಿ ಬಿಟ್ಟು ಬಿಟ್ಟು ಹೊಡೆದರೆ ಕತೆ ಬೇರೆ. ಒಂದು ಹೊಡೆತ ವಿಮಾನವನ್ನು ಹೊತ್ತಿಗೆ ಮುಂಚೆಯೇ ಎತ್ತಿಬಿಡುತ್ತದೆ. ಆ ವೇಗ ಎಂಜಿನ್ ಗಳಿಸಿದ್ದಲ್ಲ, ಗಾಳಿ ಎರವಲು ಕೊಟ್ಟದ್ದು. ಮರುಕ್ಷಣ ಗಾಳಿ ತಣಿದರೆ ರೆಕ್ಕೆಗೆ ಆಧಾರವಿಲ್ಲ. ವಿಮಾನ ಕುಸಿಯುತ್ತದೆ, ಹಲವು ಸಲ ಒಂದು ರೆಕ್ಕೆ ಮೊದಲು ವಾಲುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು. ನೀರಿನ ಮೇಲೆ ಬ್ರೇಕ್ ಇಲ್ಲ. ಬಾಲಕ್ಕೆ ತಗುಲಿದ ಗಾಳಿ ವಿಮಾನದ ಮೂತಿಯನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಹಿಂಗಾಳಿಯಿಂದ ಎದುರುಗಾಳಿಗೆ ವೇಗವಾಗಿ ಹೊರಳಿದರೆ, ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲವೂ ಗಾಳಿಯೂ ಒಂದೇ ಕಡೆಗೆ ಒತ್ತಿ ವಿಮಾನವನ್ನು ಮಗುಚಬಲ್ಲವು.

ಇಂಥ ಪಾಠಗಳು ಬರಹಕ್ಕೂ ಇಳಿದಿವೆ. ಅಮೆರಿಕದ ವಿಮಾನಯಾನ ಆಡಳಿತ 2004ರಲ್ಲಿ ಜಲವಿಮಾನಗಳ ಕೈಪಿಡಿ ತಂದಿತು. ಅಲೆಯ ಎತ್ತರ ಫ್ಲೋಟಿನ ಉದ್ದದ ಶೇಕಡ 20 ಮೀರಿದರೆ ಹೊರಡಬೇಡಿ ಎಂಬ ಸರಳ ಅಳತೆ ಅದರಲ್ಲಿದೆ. ಅಲೆ ಕಣ್ಣಿಗೆ ಕಾಣುತ್ತದೆ. ಗುಡ್ಡದ ಮರೆಯಿಂದ ಬರುವ ಗಾಳಿಯ ಹೊಡೆತಕ್ಕೆ ಅಂಥ ಅಳತೆಗೋಲು ಇಲ್ಲ.

2009ರ ನವೆಂಬರ್ 29ರಂದು ಕೆನಡಾದ ಸಟರ್ನಾ ದ್ವೀಪದಲ್ಲಿ ಮೇಲೆದ್ದ ಬೀವರ್ ಜಲವಿಮಾನ ತಿರುವಿನಲ್ಲಿ ಕುಸಿದು ನೀರಿಗೆ ಬಿತ್ತು. ಗಾಳಿಯ ಸ್ಥಿತಿ ಮತ್ತು ವಾಲಿದ ತಿರುವು ಕೂಡಿ ರೆಕ್ಕೆಯ ಮೇಲಿನ ಭಾರ ಹೆಚ್ಚಿಸಿದವು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಎಂಟು ಜನರಲ್ಲಿ ಬದುಕಿದವರು ಇಬ್ಬರು. ಉಳಿದವರಿಗೆ ಹೊರಬರಲಾಗಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ದಿಕ್ಕು ಬದಲಾದದ್ದು ಇಲ್ಲಿ. ಬೀಳದಂತೆ ನೋಡಿಕೊಳ್ಳುವುದಷ್ಟೇ ಸಾಲದು, ಬಿದ್ದ ಮೇಲೆ ಬಾಗಿಲು ತೆರೆಯಬೇಕು ಎಂಬ ಮಾತು ಗಟ್ಟಿಯಾಯಿತು. 2019ರಲ್ಲಿ ಕೆನಡಾ, ವಾಣಿಜ್ಯ ಜಲವಿಮಾನಗಳ ಪ್ರಯಾಣಿಕರಿಗೆ ತೇಲುಜಾಕೆಟ್ ತೊಡಿಸುವ, ಮುಳುಗಿದ ವಿಮಾನದಿಂದ ಹೊರಬರುವ ತರಬೇತಿಯನ್ನು ಪೈಲಟ್‌ಗಳಿಗೆ ಕಡ್ಡಾಯ ಮಾಡುವ ನಿಯಮಗಳನ್ನು ತಂದಿತು.

2024ರ ನವೆಂಬರ್‌ನಲ್ಲಿ ನಮ್ಮಲ್ಲೂ ವಿಜಯವಾಡ–ಶ್ರೀಶೈಲಂ ನಡುವೆ, ಕೊಚ್ಚಿಯಿಂದ ಮಾಟ್ಟುಪೆಟ್ಟಿಗೆ ಟ್ವಿನ್ ಆಟರ್ ಜಲವಿಮಾನ ಪ್ರಾಯೋಗಿಕವಾಗಿ ಹಾರಿತು. ಮಾಟ್ಟುಪೆಟ್ಟಿ ಗುಡ್ಡಗಳ ನಡುವಿನ ಜಲಾಶಯ. ಇಂಥ ಕಡೆ ಸೇವೆ ಆರಂಭಿಸುವವರು ನೀರಿನ ಮಟ್ಟದಲ್ಲೇ ಗಾಳಿಮಾಪಕ ನಿಲ್ಲಿಸಲಿ. ಗಾಳಿ ಕಂಡು ಹಾರಾಟ ಬೇಡವೆಂದ ಪೈಲಟ್‌ನ ಮೇಲೆ ಟಿಕೆಟ್ ದುಡ್ಡಿನ ಒತ್ತಡ ಬೀಳದಂತೆ ಮೊದಲೇ ನಿಯಮದಲ್ಲಿ ಬರೆಯಲಿ.